ಸೆಟ್ ನನ್ನ ಸುಪರ್ದಿಗೆ

ಜೂನ್ ೯, ೨೦೨೫, ಸೋಮವಾರ

ಭೀಮ ಮನೆಗೆ ಬಂದು ವಾರವಾಯಿತು. ಇನ್ನೂ ಹಾಸಿಗೆಗೆ ಬೆನ್ನು ತಾಗಿಸಿಲ್ಲ. ಹಿತ್ತಲ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯೇ ಅವನ ಮನೆ. ಅಲ್ಲೇ ಉಣ್ಣುತ್ತಾನೆ, ಅಲ್ಲೇ ತೂಕಡಿಸುತ್ತಾನೆ, ತೂಕಡಿಸಿದ ಕೂಡಲೇ ಬೆಚ್ಚಿ ನೆಟ್ಟಗಾಗುತ್ತಾನೆ. ಬಲಗೈ ಸದಾ ಕಿವಿಯ ಹತ್ತಿರ, ಏನನ್ನೋ ಹಿಡಿದ ಹಾಗೆ. ಅಲ್ಲಿ ಏನೂ ಇಲ್ಲ. ನಾನು ಬಗ್ಗಿ ನೋಡಿದ್ದೇನೆ.

ಈ ಡೈರಿ ವಿಮೆ ಏಜೆಂಟ್ ಬೋರಣ್ಣ ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಹಾಲಿನ ಪಾತ್ರೆಗೆ ಮುಚ್ಚಳವಾಗಿತ್ತು. ಹೊನ್ನಾಳಿ–ನ್ಯಾಮತಿ–ಸವಳಂಗ ಬಸ್ಸಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ಕಂಡಕ್ಟರಿಗೆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಇದರಲ್ಲಿ ಬರೆಯುತ್ತೇನೆ. ಭೀಮೇಶ್ ನನ್ನ ಗಂಡ, ಸೋದರತ್ತೆಯ ಮಗನೂ ಹೌದು. ಸೊಕ್ಕೆಯ ಒಂದೇ ಓಣಿಯಲ್ಲಿ ಆಡಿ ಬೆಳೆದವರು ನಾವು. ಜನರೆದುರು ‘ರೀ’ ಅನ್ನುತ್ತೇನೆ. ಇಲ್ಲಿ ಯಾರಿದ್ದಾರೆ, ಭೀಮ ಅಂತಲೇ ಬರೆಯುತ್ತೇನೆ.

ಅವನು ಸೈನ್ಯದಲ್ಲಿ ಸಿಗ್ನಲ್ಸ್‌ನವನು. ರೇಡಿಯೊ ಸೆಟ್ಟನ್ನು ಬೆನ್ನಿಗೆ ಕಟ್ಟಿಕೊಂಡು ತುಕಡಿಯ ಜತೆ ಬೆಟ್ಟ ಹತ್ತುವ ಕೆಲಸ. ಮಾರ್ಚ್ ತಿಂಗಳಲ್ಲಿ ಅವರ ಪೋಸ್ಟಿನ ಮೇಲೆ ಹಿಮ ಜಾರಿತು. ಜತೆಯ ಆಪರೇಟರ್ ಕಲ್ಲೇಶ್, ನಮ್ಮ ಚನ್ನಗಿರಿ ಕಡೆಯ ಉಬ್ರಾಣಿಯವನು, ಅದರಡಿ ಹೋದ. ಭೀಮನ ಮೈಮೇಲೆ ಒಂದು ಗೀರೂ ಇಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಮಾತ್ರೆ ಕೊಟ್ಟು, ಮನೆಯಲ್ಲಿ ಸ್ವಲ್ಪ ದಿನ ಇದ್ದು ಬಾ ಎಂದು ಕಳಿಸಿದ್ದಾರೆ.

ಚಿಕ್ಕಂದಿನಿಂದ ಅವನು ನನ್ನನ್ನು ಲಚ್ಚಿ ಅನ್ನುತ್ತಾನೆ. ಲಕ್ಷ್ಮೀದೇವಿ ಅನ್ನುವಷ್ಟು ಪುರುಸೊತ್ತು ಅವನಿಗೆ ಎಂದೂ ಇರಲಿಲ್ಲ. ಬಂದಾಗಿನಿಂದ ಒಂದು ಸಲವೂ ಕರೆದಿಲ್ಲ. ಒಮ್ಮೆ ಕರೆದು, ಮುಖ ನೋಡಿ ಮಾತಾಡಿದರೆ ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಜೂನ್ ೧೧, ಬುಧವಾರ

ಇವತ್ತು ಅಂಗಿ ಒಗೆಯಲು ಬಿಚ್ಚಿಸಿದೆ. ಬನಿಯನ್ನಿನ ಒಳಗೆ ನನ್ನ ಮೊಬೈಲಿನ ಪವರ್ ಬ್ಯಾಂಕ್. ಎರಡು ದಿನದಿಂದ ಅದಕ್ಕಾಗಿ ಇಡೀ ಮನೆ ಜಾಲಾಡಿದ್ದೆ, ಡ್ರೈವರ್ ಗುರುಬಸವರಾಜ್ ಮೇಲೂ ಅನುಮಾನ ಪಟ್ಟಿದ್ದೆ.

“ಇದನ್ಯಾಕೆ ಎದೆಗೆ ಕಟ್ಕೊಂಡೀಯ?” ಅಂದೆ.

“ಚಳಿಗೆ ಬ್ಯಾಟರಿ ಸಾಯ್ತವೆ. ಮೈ ಕಾವಿನಾಗೆ ಇಟ್ಕೋಬೇಕು,” ಅಂದ.

ಹೊರಗೆ ಮಳೆ ಕೈಕೊಟ್ಟು ಧಗೆ ಹೊಡೆಯುತ್ತಿತ್ತು, ಅವನ ಎದೆ ಬೆವರಿನಿಂದ ತೊಯ್ದಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಚ್ಚಲಿಗೆ ಹೋಗಬೇಕೆಂದರೆ ನಾನು ಬಂದು ಕುರ್ಚಿಯಲ್ಲಿ ಕೂರಬೇಕು. “ಸ್ವಲ್ಪ ನೋಡ್ಕೊ, ಖಾಲಿ ಬಿಡಬ್ಯಾಡ,” ಅನ್ನುತ್ತಾನೆ. ನಾನು ಡ್ಯೂಟಿಗೆ ಹೋದಾಗ ಏನು ಮಾಡುತ್ತಾನೋ ಕೇಳುವ ಧೈರ್ಯ ನನಗಿಲ್ಲ. ಬಸ್ಸಿನಲ್ಲಿ ಮಹಿಳೆಯರಿಗೆಲ್ಲ ಸೊನ್ನೆ ಟಿಕೆಟ್ ಹರಿದುಕೊಡುವಾಗಲೂ ತಲೆಯಲ್ಲಿ ಅದೇ ಕುರ್ಚಿ.

ಜೂನ್ ೧೫, ಭಾನುವಾರ

ಸೊಕ್ಕೆಯಿಂದ ಅವ್ವ ಬಂದಿದ್ದಾಳೆ, ಒಂದು ಚೀಲ ಸಜ್ಜೆ ರೊಟ್ಟಿ, ಇನ್ನೊಂದು ಚೀಲದ ತುಂಬ ಸಲಹೆ. ಕರಿಬಸಮ್ಮ ಎಂದರೆ ಜಗಳೂರು ಬಸ್ ಸ್ಟ್ಯಾಂಡಿನಲ್ಲೂ ಹೆದರುತ್ತಾರೆ. ಅಳಿಯನ ಮುಂದೆ ಮಾತ್ರ ದನಿ ತಗ್ಗಿಸಿ, “ಮಲಿಕ್ಕೊಳ್ರೀ ಅಳಿಯಂದ್ರೆ, ನಾವೆಲ್ಲಾ ಇಲ್ಲೇ ಇದೀವಿ,” ಅಂದಳು. ಅವನು ತಲೆ ಆಡಿಸಿದ, ಏಳಲಿಲ್ಲ.

ನಿನ್ನೆ ಅವನನ್ನು ದಾವಣಗೆರೆಯ ಡಾಕ್ಟರಿಗೆ ತೋರಿಸಿದೆ, ಒಳ್ಳೆಯವರೇ. ಕಾಯಬೇಕು ಅಂದರು, ಮಾತ್ರೆ ಬದಲಿಸಿದರು. ಅಲ್ಲಿಗೆ ಹೋಗಲು ಅವನನ್ನು ಎಬ್ಬಿಸುವ ಹೊತ್ತಿಗೆ ಅವ್ವ ಕುರ್ಚಿಯಲ್ಲಿ ಕೂರಬೇಕಾಯಿತು. ನಾವು ವಾಪಸು ಬರುವವರೆಗೂ ಪಾಪ ಕದಲದೆ ಕೂತಿದ್ದಳು. ಸೊಂಟ ಹಿಡಿದುಕೊಂಡಿತ್ತು. “ಇದೆಂಥ ಕುರ್ಚಿಯೇ, ತಣ್ಣಗೆ ಕೊರೀತೈತೆ,” ಅಂದಳು. ಪ್ಲಾಸ್ಟಿಕ್ ಅಲ್ಲವೇ, ತಣ್ಣಗಿರುತ್ತದೆ.

ಜೂನ್ ೨೨, ಭಾನುವಾರ

ಇವತ್ತು ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆಯೇ ಕೂಗಾಡಿದೆ. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರು ಇಬ್ಬರೂ ಕೇಳಿಸಿಕೊಂಡರು, ಇವನೊಬ್ಬ ಬಿಟ್ಟು. ಕೊನೆಗೆ ಕುರ್ಚಿಯ ಕೈ ಹಿಡಿದು ಅಲ್ಲಾಡಿಸಿದೆ.

“ಯಾಕೆ ಏಳಲ್ಲ ಹೇಳು. ನಿನ್ನ ಕಟ್ಟಿ ಹಾಕೋರ್ಯಾರು?”

“ಬದಲಿ ಬಂದಿಲ್ಲ.”

“ಯಾರ ಬದಲಿ?”

“ನನ್ನ ಬದಲಿ. ಕಲ್ಲೇಶ. ಬ್ಯಾಟರಿ ತರಾಕೆ ಆ ಕಡೆ ಟೆಂಟಿಗೆ ಹೋದ. ಬಂದು ಕುಂತ್ಕೋತೀನಿ ಅಂದಿದ್ದ.”

ಹೇಳಲೇಬೇಕಿತ್ತು. “ಭೀಮ, ಕಲ್ಲೇಶ್ ಸತ್ತು ಹೋಗ್ಯಾನೆ.”

ಅವನು ಮೊದಲ ಸಲ ನನ್ನ ಕಡೆ ತಿರುಗಿದ. ಕಣ್ಣು ತಿಳಿಯಾಗಿತ್ತು, ಅದೇ ಹೆದರಿಕೆಯಾದದ್ದು. “ಗೊತ್ತೈತೆ,” ಅಂದ. “ಹೆಗಲು ಕೊಟ್ಟೋನು ನಾನೇ. ಆದ್ರೆ ಸೆಟ್ ಯಾರಿಗೂ ಕೊಟ್ಟಿಲ್ಲ ನಾನು. ನನ್ನನ್ನ ಎತ್ಕೊಂಡು ಹೋದ್ರು.”

ಅಷ್ಟು ಹೇಳಿ ಮತ್ತೆ ಕಿವಿಗೆ ಕೈ ಇಟ್ಟ. ಹುಚ್ಚಾಗಿದ್ದರೆ ಒಂದು ರೀತಿ ಸಮಾಧಾನವಿರುತ್ತಿತ್ತು. ಇವನು ಹುಚ್ಚನಲ್ಲ. ಡ್ಯೂಟಿ ಮುಗಿಯದವನು.

ಜುಲೈ ೩, ಗುರುವಾರ

ನ್ಯಾಮತಿಯಲ್ಲಿ ಮಲ್ಲೇಶಪ್ಪನವರು ಬಸ್ ಹತ್ತಿದರು. ಸಿಗ್ನಲ್ಸ್‌ನಲ್ಲೇ ಸುಬೇದಾರರಾಗಿ ನಿವೃತ್ತಿಯಾದವರು. ಸವಳಂಗದ ಮಗಳ ಮನೆಗೆ ಹೋಗುವಾಗೆಲ್ಲ ನನ್ನ ಬಸ್ಸೇ, ಬಾಗಿಲ ಹಿಂದಿನ ಸೀಟೇ. ಇಷ್ಟು ದಿನ ಟಿಕೆಟ್ ಕೊಟ್ಟು ಸುಮ್ಮನಿರುತ್ತಿದ್ದೆ. ಇವತ್ತು ಬಸ್ ಖಾಲಿಯಿತ್ತು, ಪಕ್ಕ ಕೂತು ಎಲ್ಲ ಹೇಳಿದೆ. ಅವರು ನಗಲಿಲ್ಲ. ಡಾಕ್ಟರಿಗಿಂತ ಬೇಗ ಅರ್ಥ ಮಾಡಿಕೊಂಡರು.

“ತಪ್ಪೇನೈತೆ ಅದ್ರಾಗೆ? ನಮಗೆ ಹಂಗೇ ಕಲ್ಸಿರೋದು,” ಅಂದರು. “ಸೆಟ್ ಮುಂದೆ ಕುಂತೋನು ಬದಲಿ ಬಾರದೆ ಏಳಂಗಿಲ್ಲ. ಜನರಲ್ ಸಾಹೇಬ್ರೇ ಬಂದು ಏಳು ಅಂದ್ರೂ ಏಳಂಗಿಲ್ಲ. ಬರೋನು ಪಕ್ಕದಾಗೆ ಕುಂತ್ಕೋಬೇಕು. ಹೆಡ್‌ಸೆಟ್ ಹಾಕ್ಕಂಡು ತಾನೇ ಕೇಳ್ಬೇಕು. ಯಾವ ಸ್ಟೇಷನ್ ಮಾತಾಡ್ತೈತೆ, ಯಾವುದು ಸುಮ್ಮನೈತೆ ಅಂತ ಹಳಬ ಹೇಳ್ತಾನೆ. ಎಲ್ಲಾ ಕೇಳ್ಕಂಡು, ಸೆಟ್ ನನ್ನ ಸುಪರ್ದಿಗೆ ಅನ್ಬೇಕು. ಆಗ ಹಳಬ ಏಳ್ತಾನೆ.”

“ನಾನು ಅಂದ್ರೆ ನಡೀತೈತಾ?”

ಅವರು ಕಿಟಕಿಯ ಹೊರಗೆ ನೋಡಿದರು. “ಬಾಯಿ ಮಾತಿಗೆ ಅಂದ್ರೆ ಅವನಿಗೆ ಗೊತ್ತಾಗ್ತೈತೆ. ತಗೊಂಡ್ರೆ ಖರೇನೇ ತಗೋಬೇಕು ಕಣಮ್ಮ.”

ಇಳಿಯುವಾಗ, ತಮ್ಮ ಹತ್ತಿರ ಮಿಲಿಟರಿ ಸಾಮಾನು ಮಾರುವ ಡಿಸ್ಪೋಸಲ್ ಅಂಗಡಿಯಲ್ಲಿ ಕೊಂಡ ಹಳೆಯ ಹೆಡ್‌ಸೆಟ್ ಇದೆ, ಕೊಡುತ್ತೇನೆ ಅಂದರು.

ಜುಲೈ ೬, ಭಾನುವಾರ

ಒಬ್ಬಳೇ ಉಬ್ರಾಣಿಗೆ ಹೋಗಿಬಂದೆ. ಕಲ್ಲೇಶನ ಪಾಳಿಯನ್ನು ನಾನು ತೆಗೆದುಕೊಳ್ಳುವುದಾದರೆ ಅವನ ಮನೆಯವರನ್ನು ಕೇಳಬೇಕು ಅನ್ನಿಸಿತು. ಬಸ್ಸಿನಲ್ಲೂ ಒಬ್ಬರ ಸೀಟಿನ ಮೇಲೆ ಟವೆಲ್ ಇದ್ದರೆ ಕೇಳದೆ ಕೂರುವುದಿಲ್ಲ.

ಅವನ ತಾಯಿ ಅಜ್ಜಮ್ಮ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಬದುವಿನ ಮೇಲೆ ಕೂತು ಮಾತಾಡಿದೆವು. ಅಳುತ್ತಾರೆ ಅಂದುಕೊಂಡಿದ್ದೆ, ಅಳಲಿಲ್ಲ. ಕೈಯ ಮಣ್ಣು ಉದುರಿಸುತ್ತಾ ಪೂರ್ತಿ ಕೇಳಿದರು.

“ನನ್ ಮಗ ಯಾವ ಕೆಲ್ಸಾನೂ ಅರ್ಧಕ್ಕೆ ಬಿಟ್ಟೋನಲ್ಲವ್ವ. ಬರ್ತೀನಿ ಅಂದಿದ್ರೆ ಬರ್ತಾನೆ,” ಅಂದರು. “ನಿನ್ ಗಂಡ ಪಾಪ ಎಷ್ಟಂತ ಕುಂತಾನು. ನೀನು ತಗೋ. ಅವನು ಬಂದ್ರೆ ಅವನ ಕೈಗೇ ಕೊಡು. ಬ್ಯಾರೆ ಯಾರಿಗೂ ಕೊಡಬ್ಯಾಡ.”

ಆಗಲಿ ಅಂದೆ. ಹೆತ್ತ ಒಡಲು, ಅವರ ಸಮಾಧಾನಕ್ಕೆ ಒಂದು ಮಾತು. ಬರುವಾಗ ಮಡಿಲಿಗೆ ಅವರೆಕಾಳು ಹಾಕಿದರು.

ಜುಲೈ ೯, ಬುಧವಾರ

ಆಯಿತು.

ಡ್ಯೂಟಿಗೆ ರಜೆ ಹಾಕಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ಇನ್ನೊಂದು ಕುರ್ಚಿ ತಂದು ಅವನ ಪಕ್ಕ ಹಾಕಿಕೊಂಡೆ. ಮಲ್ಲೇಶಪ್ಪನವರ ಹೆಡ್‌ಸೆಟ್ ತಲೆಗೆ ಏರಿಸಿದೆ. ಅದರ ವೈರು ಎಲ್ಲಿಗೂ ಸೇರಿಲ್ಲ, ತುದಿ ನನ್ನ ಕಾಲ ಬಳಿ ಬಿದ್ದಿತ್ತು. ಭೀಮ ಅದನ್ನು ನೋಡಿ ನೆಟ್ಟಗೆ ಕೂತ. ನಾನು ಸುಮ್ಮನೆ ಕೇಳಿದೆ. ಕಿವಿಯನ್ನು ಕೈಯಿಂದ ಮುಚ್ಚಿಕೊಂಡರೆ ಬರುವಂಥ ಗುಂಯ್ ಸದ್ದು, ಅಷ್ಟೆ.

ತುಂಬ ಹೊತ್ತಿನ ಮೇಲೆ ಅವನು ಮೆಲ್ಲಗೆ ಹೇಳತೊಡಗಿದ. ಕೆಳಗಿನ ಸ್ಟೇಷನ್ ಸರಿಯಾಗಿ ಕೇಳಿಸುತ್ತಿದೆ. ಬಲಗಡೆಯದು ಹರಿದು ಹರಿದು ಬರುತ್ತಿದೆ. ಕಲ್ಲೇಶ್ ಹೊರಗೆ ಹೋಗಿದ್ದಾನೆ, ಅವನ ಬಳಿ ಸಣ್ಣ ಸೆಟ್ ಇದೆ, ಕರೆದಿದ್ದೇನೆ, ಉತ್ತರವಿಲ್ಲ. ಇಷ್ಟು ಹೇಳಿ ನನ್ನ ಮುಖ ನೋಡಿದ.

“ಸೆಟ್ ನನ್ನ ಸುಪರ್ದಿಗೆ,” ಅಂದೆ. ಬಾಯಿ ಮಾತಿಗೆ ಅನ್ನಲಿಲ್ಲ. ಅನ್ನುವಾಗ ನಿಜವಾಗಿ ಏನೋ ಭಾರ ಹೆಗಲಿಗೆ ಬಂದ ಹಾಗಾಯಿತು.

“ಸೆಟ್ ನಿನ್ನ ಸುಪರ್ದಿಗೆ,” ಅಂದ. ಪವರ್ ಬ್ಯಾಂಕ್ ತೆಗೆದು ನನ್ನ ಮಡಿಲಿಗಿಟ್ಟ. ಎದ್ದ. ಗೋಡೆ ಹಿಡಿದುಕೊಂಡು ಕೋಣೆಗೆ ಹೋದ. ಮಂಚ ಕಿರುಗುಟ್ಟಿದ ಸದ್ದು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಈಗ ಇಳಿಹೊತ್ತು. ಇನ್ನೂ ಮಲಗಿದ್ದಾನೆ, ಗೊರಕೆ ಹಿತ್ತಲವರೆಗೂ ಬರುತ್ತಿದೆ. ಇಂಥ ಗೊರಕೆಗೆ ಹಿಂದೆ ಎಷ್ಟು ಬೈದಿದ್ದೆ.

ಎದ್ದು ಅನ್ನಕ್ಕಿಡಬೇಕು. ಅವನು ಎಚ್ಚರಾಗಿ ಖಾಲಿ ಕುರ್ಚಿ ನೋಡಿದರೆ ಕಷ್ಟ, ಅದಕ್ಕೇ ಇನ್ನೂ ಕೂತಿದ್ದೇನೆ.

ಜುಲೈ ೧೨, ಶನಿವಾರ

ಭೀಮ ದೋಸೆ ಹುಯ್ದ. ಸುಟ್ಟಿದ್ದವು, ಆದರೂ ಮೂರು ತಿಂದೆ. ಗಡ್ಡ ತೆಗೆದಿದ್ದಾನೆ. ಡಿಪೋಗೆ ಫೋನ್ ಮಾಡಿ ರಜೆ ಮುಂದುವರಿಸಿದೆ. ಅವನು ಪೂರ್ತಿ ಗಟ್ಟಿಯಾಗುವವರೆಗೆ ನಾನು ಇಲ್ಲಿರುವುದೇ ಮೇಲು. ಕುರ್ಚಿಗೆ ಒಂದು ಕಂಬಳಿ ಹಾಸಿಕೊಂಡಿದ್ದೇನೆ. ಅವ್ವ ಹೇಳಿದ್ದು ನಿಜ, ಕೊರೆಯುತ್ತದೆ.

ಜುಲೈ ೧೮, ಶುಕ್ರವಾರ

ಕೆಳಗಿನ ಸ್ಟೇಷನ್ ಚೆನ್ನಾಗಿದೆ. ಬಲಗಡೆಯದು ಮಧ್ಯಾಹ್ನ ಸ್ವಲ್ಪ ಮಂಕು.

ಭೀಮ ಸಂತೆಗೆ ಹೋಗಿ ಬದನೆಕಾಯಿ ತಂದ. ಎಣ್ಣೆಗಾಯಿ ಮಾಡುವುದು ಹೇಗೆಂದು ಪಕ್ಕದ ಮನೆಯ ಕಸ್ತೂರಮ್ಮನನ್ನು ಕೇಳಿಕೊಂಡು ಬಂದ. ಅವನು ಹಾಗೆ ಓಡಾಡುವುದು ನೋಡಿದರೆ ಜೀವ ತಂಪಾಗುತ್ತದೆ. ಅವನು ಹೆಚ್ಚುತ್ತಾ ಕೂತಾಗ, ಮಾತಿಗೆ ಮಾತು ಬಂದು, “ಕಲ್ಲೇಶ್ ಮಾತಾಡೋಕೆ ಮುಂಚೆ ಎರಡು ಸಲ ಊದ್ತಾನಲ್ಲ, ಅದ್ಯಾಕೆ? ಮೈಕಿನಾಗೆ ಹಿಮ ಕುಂತಿರ್ತೈತಾ?” ಅಂದೆ.

ಈಳಿಗೆ ನಿಂತುಹೋಯಿತು. “ಅದು ನಿನಗ್ಯಾರು ಹೇಳಿದ್ರು?”

“ನೀನೇ ಹೇಳಿರ್ಬೇಕು.”

“ನಾನು ಹೇಳಿಲ್ಲ. ಯಾರಿಗೂ ಹೇಳಿಲ್ಲ.”

ನಿದ್ದೆಯಲ್ಲಿ ಏನೇನು ಬಡಬಡಿಸಿದ್ದಾನೋ ಅವನಿಗೇನು ಗೊತ್ತು. ಬೆರಳು ಕುಯ್ದುಕೊಂಡಿದ್ದ, ಅರಿಶಿನ ಹಚ್ಚಿಕೊ ಅಂದೆ. ನನಗೆ ಏಳಲಾಗಲಿಲ್ಲ.

ಜುಲೈ ೨೭, ಭಾನುವಾರ

ಮಲ್ಲೇಶಪ್ಪನವರ ಫೋನ್. ಭೀಮನೇ ಅವರಿಗೆ ಫೋನ್ ಮಾಡಿದ್ದನಂತೆ, ನನಗೆ ಹೇಳದೆ.

“ನೆಟ್ ಮುಚ್ಚಿಸ್ಲಿಲ್ವೇನಮ್ಮ ನೀನು?” ಅಂದರು. ನೆಟ್ ಅಂದರೆ ಒಟ್ಟಿಗೆ ಮಾತಾಡುವ ಸೆಟ್ಟುಗಳ ಜಾಲವಂತೆ. ಸೆಟ್ ತೆಗೆದುಕೊಂಡರೆ ಸಾಲದಂತೆ. ಕೆಲಸ ಮುಗಿದ ಮೇಲೆ ಕಂಟ್ರೋಲ್ ಅನ್ನುವ ಮುಖ್ಯ ಸ್ಟೇಷನ್ ಎಲ್ಲರನ್ನೂ ಕರೆದು, ಎಲ್ಲರೂ ಉತ್ತರ ಕೊಟ್ಟ ಮೇಲೆ ಮುಚ್ಚಿ ಅನ್ನಬೇಕಂತೆ. ಇಲ್ಲದಿದ್ದರೆ ಕೂತವರು ಕೂತೇ ಇರುತ್ತಾರಂತೆ. “ಅದ್ನ ಹೇಳಾಕೆ ಮರೆತೆ ನಾನು. ಮುದುಕನ ತಪ್ಪು,” ಅಂದರು.

“ಉತ್ತರ ಕೊಡದೋರು ಇದ್ರೆ?”

“ಕರೀತೀವಿ, ಮತ್ತೆ ಕರೀತೀವಿ. ಏನೂ ಕೇಳಿಸ್ಲಿಲ್ಲ ಅಂತ ಬರ್ಕಂಡು ಮುಚ್ತೀವಿ.”

“ಕಂಟ್ರೋಲಿಗೆ ಕೇಳಿಸ್ದೆ, ಬ್ಯಾರೆಯೋರಿಗೆ ಕೇಳಿಸಿದ್ರೆ?”

ಅವರು ಹೇಳಿದರು: “ಕೇಳಿಸಿದೋರು ಮಧ್ಯದಾಗೆ ನಿಂತು ಆ ಮಾತನ್ನ ಕಂಟ್ರೋಲಿಗೆ ದಾಟಿಸ್ಬೇಕು. ಆಗ ಮುಚ್ಚಂಗಿಲ್ಲ.”

ಮುಂದಿನ ಭಾನುವಾರ ಬರುತ್ತಾರಂತೆ. ಬರಲಿ. ನನಗೆ ಅವಸರವಿಲ್ಲ.

ಜುಲೈ ೩೧, ಗುರುವಾರ

ಊದಿದ, ಎರಡು ಸಲ. ಮಾತು ನಡುವೆಯೇ ಹರಿದುಹೋಯಿತು. ಹತ್ತಿರದಲ್ಲಿದ್ದಾನೆ.

ಆಗಸ್ಟ್ ೩, ಭಾನುವಾರ

ಮಲ್ಲೇಶಪ್ಪನವರು ಇಸ್ತ್ರಿ ಮಾಡಿದ ಅಂಗಿ, ಹಳೆಯ ಟೋಪಿ ಹಾಕಿಕೊಂಡು ಬಂದರು. ಸೊಕ್ಕೆಯಿಂದ ಅವ್ವನೂ ಬಂದಿದ್ದಳು. ಒಳಗೆ ಏನೋ ಪಿಸುಮಾತು ನಡೆಯಿತು. ನಾನೇನು ಮದುವೆ ಹೆಣ್ಣೇ, ನನ್ನೆದುರೇ ಮಾತಾಡಲಿ.

ಅವರು ನನ್ನ ಎದುರು ಕುರ್ಚಿ ಹಾಕಿಕೊಂಡು ಕೂತು, ಮಿಲಿಟರಿ ದನಿಯಲ್ಲಿ, ಕಂಟ್ರೋಲ್ ಮಾತಾಡುತ್ತಿದೆ, ನೆಟ್ ಮುಚ್ಚುತ್ತಿದ್ದೇವೆ, ಒಬ್ಬೊಬ್ಬರಾಗಿ ಉತ್ತರ ಕೊಡಿ ಅಂದರು. ಭೀಮ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟ. ನಾನು ಕೊಟ್ಟೆ. ಆಮೇಲೆ ಕಲ್ಲೇಶನನ್ನು ಕರೆದರು. ಕಾದರು. ಮತ್ತೆ ಕರೆದರು. ಅವ್ವ ಸೆರಗು ಬಾಯಿಗಿಟ್ಟುಕೊಂಡಿದ್ದಳು.

“ಏನೂ ಕೇಳಿಸ್ಲಿಲ್ಲ,” ಅಂದರು ಮಲ್ಲೇಶಪ್ಪನವರು.

“ನನಗೆ ಕೇಳಿಸ್ತು.”

“ಲಕ್ಷ್ಮೀದೇವಿ, ಸುಮ್ನೆ ಹೂಂ ಅನ್ನಮ್ಮ.”

“ದಾಟಿಸ್ಬೇಕು ಅಂತ ನೀವೇ ಹೇಳೀರಿ. ಬರ್ತಿದೀನಿ, ಮುಚ್ಚಬ್ಯಾಡ್ರಿ ಅಂದ. ಕೈ ಸೆಟೆದೈತೆ ಅಂತೆ, ಸ್ವಿಚ್ ಒತ್ತಾಕೆ ಆಗ್ತಿಲ್ಲ, ಅದಕ್ಕೇ ತಡ.”

ಮಲ್ಲೇಶಪ್ಪನವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಿಯಮ ಅವರದೇ, ಏನು ಅಂದಾರು. ಭೀಮ ಮಾತ್ರ ಬಾಗಿಲ ಚೌಕಟ್ಟು ಹಿಡಿದು, “ಕೈ ಹಂಗೇ ಇತ್ತು ಸಾಹೇಬ್ರೆ, ತೆಗೆದಾಗ,” ಅಂದ. ಚಹಾ ಮಾಡಿದ್ದರು. ಯಾರೂ ಕುಡಿಯಲಿಲ್ಲ, ಲೋಟಗಳ ಮೇಲೆ ಕೆನೆ ಕಟ್ಟಿತು.

ದಾವಣಗೆರೆ ಡಾಕ್ಟರ ಹತ್ತಿರ ಹೋಗಿ ಬರೋಣವೇ ಎಂದು ಅವ್ವ ಕೇಳಿದಳು. ಅವನು ಈಗ ಚೆನ್ನಾಗಿದ್ದಾನಲ್ಲ, ಮತ್ತೇಕೆ ಅಂದೆ.

ಆಗಸ್ಟ್ ೫, ಮಂಗಳವಾರ

ಬೆಳಿಗ್ಗೆಯಿಂದ ಸದ್ದು ಶುದ್ಧವಾಗಿದೆ, ಗುಂಯ್ ಅನ್ನುವುದು ಪೂರ್ತಿ ನಿಂತಿದೆ. ಕೆಳಗಿನವರು, ಬಲಗಡೆಯವರು ಎಲ್ಲ ಸುಮ್ಮನಾಗಿ ದಾರಿ ಬಿಟ್ಟಿದ್ದಾರೆ.

ಭೀಮ ಕುರ್ಚಿ ತಂದು ಪಕ್ಕ ಹಾಕಿಕೊಂಡ. ಸ್ನಾನ ಮಾಡಿದ್ದ, ತಲೆ ಬಾಚಿದ್ದ. ನಿದ್ದೆ ತುಂಬಿದ ಮುಖ ಎಷ್ಟು ಚೆನ್ನಾಗಿ ಕಾಣುತ್ತದೆ. ಹೆಡ್‌ಸೆಟ್‌ಗೆ ಕೈ ಚಾಚಿ, “ಕೊಡು. ಸೆಟ್ ನನ್ನ ಸುಪರ್ದಿಗೆ,” ಅಂದ.

ಕೊಡಲಿಲ್ಲ. ಅವನಿಗೆ ಕೊಟ್ಟರೆ ಮತ್ತೆ ಅದೇ ಆಗುತ್ತದೆ, ಇಷ್ಟು ಕಷ್ಟಪಟ್ಟು ಎಬ್ಬಿಸಿದ್ದೇನೆ. ಅಲ್ಲದೆ ಅಜ್ಜಮ್ಮನಿಗೆ ಮಾತು ಕೊಟ್ಟಿದ್ದೇನೆ. ತಲೆ ಅಲ್ಲಾಡಿಸಿದೆ.

ಅವನು ಮಂಡಿಯೂರಿ ಕೂತು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕೈ ಸುಡುತ್ತಿತ್ತು, ಇಲ್ಲವೇ ನನ್ನದು ತಣ್ಣಗಿತ್ತು. “ಲಚ್ಚಿ,” ಅಂದ. “ಲಚ್ಚಿ, ನನ್ನ ಕಡೆ ನೋಡೆ. ನಾನು ಬಂದೀನಿ.” ಮತ್ತೆ ಮತ್ತೆ ಕರೆದ, ದನಿ ಎತ್ತಿ ಅಳತೊಡಗಿದ.

ಸದ್ದು ಮಾಡಬೇಡ ಎಂದು ಕೈಸನ್ನೆ ಮಾಡಿದೆ. ಕಲ್ಲೇಶ್ ಮಾತಾಡುತ್ತಿದ್ದ.